ಕಿತ್ತ ಹಲ್ಲಿನ ನೋವು

ಫೆಬ್ರವರಿ 6, ಮಧ್ಯಾಹ್ನ

ಬೆಳಗಿನಿಂದ ಒಂಬತ್ತು ಹಲ್ಲು ಕಿತ್ತೆ. ಹತ್ತನೆಯವರು ಹಳೇ ಪೇಷಂಟ್, ಟೈಲರಮ್ಮ. ಡಿಸೆಂಬರಿನಲ್ಲಿ ಅವರ ಕೆಳಗಿನ ಎಡದವಡೆ ಹಲ್ಲು ಕಿತ್ತವನು ನಾನೇ.

"ಆ ಹಲ್ಲು ನೋಯ್ತಿದೆ ಡಾಕ್ಟ್ರೇ."

"ಯಾವ್ದು? ಪಕ್ಕದ್ದಾ?"

"ಅಲ್ಲ. ನೀವು ಕಿತ್ತಿದ್ದು."

ನಗು ಬಂತು. ಬಾಯಿ ತೆರೆಸಿ ನೋಡಿದೆ. ಗಾಯ ಪೂರ್ತಿ ಮಾಗಿದೆ. ಅಕ್ಕಪಕ್ಕದವು ಗಟ್ಟಿ. ಸುಮ್ಮನೆ, ಒಸಡಿಗೆ ತಾಗಿಸದೆ, ಹಲ್ಲಿದ್ದಿದ್ದರೆ ಅದರ ತಲೆ ಎಲ್ಲಿರುತ್ತಿತ್ತೋ ಅಲ್ಲಿ ಗಾಳಿಯಲ್ಲಿ ಕಡ್ಡಿ ಆಡಿಸಿದೆ. ಬೆಚ್ಚಿಬಿದ್ದರು.

"ಮೆಲ್ಲಗೆ!"

ಹೋದ ಹಲ್ಲಿನ ನೋವು ನರಕ್ಕೆ ನೆನಪಿರುವುದುಂಟು. ಓದಿದ್ದೇನೆ. ಮಾತ್ರೆ ಬರೆದುಕೊಟ್ಟೆ. ಆದರೆ ಕಡ್ಡಿ ಆಡಿಸಿದಾಗ ಅವರು ಕಣ್ಣು ಮುಚ್ಚಿಕೊಂಡಿದ್ದರು...

ಫೆಬ್ರವರಿ 7

ಅವರ ಎಕ್ಸ್-ರೇ ಹುಡುಕಿ ತೆಗೆದೆ. ಹುಳುಕು ಆಳವಿತ್ತು, ನಿಜ. ನರ ಮುಟ್ಟಿರಲಿಲ್ಲ. ಕೂದಲೆಳೆಯಷ್ಟು ಗೋಡೆ ಉಳಿದಿತ್ತು. ಅವತ್ತು ಕೇಳಿದ್ದರು, "ಉಳಿಸೋಕಾಗಲ್ವಾ?" ಹೊರಗೆ ಜನ ಕಾಯುತ್ತಿದ್ದರು. "ಆಗಲ್ಲಮ್ಮ" ಎಂದಿದ್ದೆ. ಸರಿಯಾಗಿ ನೋಡದೆ.

ಫೆಬ್ರವರಿ 15

ಊಟದ ಮೇಜಿನ ಮೇಲೆ ಹಳೇ ಎಕ್ಸ್-ರೇಗಳು. "ತಟ್ಟೆ ಪಕ್ಕ ಊರೋರ ಹಲ್ಲೆಲ್ಲ ಯಾಕ್ರೀ?" ಎಂದಳು ಹೆಂಡತಿ.

ಉಳಿಸಬಹುದಾಗಿದ್ದವು ಹದಿನಾಲ್ಕು. ಏಳು ಜನರಿಗೆ ಫೋನ್ ಮಾಡಿ, ಕಿತ್ತ ಜಾಗ ಹೇಗಿದೆ ಎಂದು ಕೇಳಿದೆ. ಮೂವರು ಚೆನ್ನಾಗಿದೆ ಎಂದರು. ನಾಲ್ವರು ಯಾಕೆ ಕೇಳ್ತೀರಿ ಎಂದರು. ಅವರಲ್ಲೊಬ್ಬರು, ರಿಟೈರ್ಡ್ ಮೇಷ್ಟ್ರು, ದನಿ ತಗ್ಗಿಸಿದರು: "ನೋಯ್ತಿರೋದು ಮನೇಲಿ ಯಾರಿಗೂ ಹೇಳಿಲ್ಲ. ನಿಮಗೆ ಹೇಗೆ ಗೊತ್ತಾಯ್ತು?"

ಫೆಬ್ರವರಿ 27

ಇಕ್ಕಳ ಮುಟ್ಟದೆ ಹನ್ನೆರಡು ದಿನ. ಇವತ್ತು ಬಸ್ ಡ್ರೈವರ್ ಒಬ್ಬರು ರೇಗಿದರು: "ಕಿತ್ತು ಬಿಸಾಕಿ ಅಂದ್ರೆ ಮುದ್ದು ಮಾಡ್ತಾ ಕೂತಿದ್ದೀರಲ್ಲ!"

ಮೆತ್ತಗಾದ ಹುಳುಕನ್ನಷ್ಟೇ ಕೆರೆದೆ. ನರದ ಮೇಲಿನ ಕೊನೆಯ ಪದರ ಬಿಟ್ಟೆ. ಔಷಧಿ, ಅದರ ಮೇಲೆ ಫಿಲ್ಲಿಂಗ್. ತಳ ಗಟ್ಟಿಯಾಗಲು ಮೂರು ತಿಂಗಳು ಕಾಯಬೇಕು. ಈ ಕೈಗೆ ಕಾಯುವುದು ಗೊತ್ತಿಲ್ಲ.

ಮಾರ್ಚ್ 19

ಟೈಲರಮ್ಮ ಬಂದಿದ್ದರು. ಮಾತ್ರೆ ನಾಟಿಲ್ಲ. ಎಕ್ಸ್-ರೇ ತೋರಿಸಿ, ತಪ್ಪು ನನ್ನದು ಎಂದೆ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ. ಬೈಯಬಹುದಿತ್ತು. ದವಡೆ ಸವರಿಕೊಂಡರು, ಅಷ್ಟೆ.

"ತಾನು ಹೋಗಿರೋದು ಅದಕ್ಕೆ ಗೊತ್ತಿಲ್ಲ, ಪಾಪ."

ಜೂನ್ 3

ಡ್ರೈವರ್ ಹಲ್ಲಿನ ಫಿಲ್ಲಿಂಗ್ ತೆರೆದೆ. ತಳ ಗಟ್ಟಿ! ಹಲ್ಲು ತನಗೆ ತಾನೇ ಗೋಡೆ ಕಟ್ಟಿಕೊಂಡಿದೆ. ತಣ್ಣನೆಯ ಹತ್ತಿ ಇಟ್ಟರೆ "ಅಯ್ಯಪ್ಪಾ!" ಎಂದು ಕೂಗಿದರು. ಜೀವ ಇದೆ. ನನ್ನ ಕಣ್ಣು ತುಂಬಿತು.

"ಅಳ್ತಿದ್ದೀರಾ ಡಾಕ್ಟ್ರೇ? ನನ್ ಹಲ್ಲಿಗೆ?"

ಜೂನ್ 10, ಬೆಳಿಗ್ಗೆ

ಟೈಲರಮ್ಮ ಮಗಳನ್ನು ಕರೆತಂದರು. ಕಾಲೇಜು ಹುಡುಗಿ. ಅದೇ ದವಡೆ, ಅದೇ ಹಲ್ಲು, ಹುಳುಕು ತಾಯಿಯದಕ್ಕಿಂತ ಆಳ.

"ಇವಳದ್ದಾದ್ರೂ ಉಳಿಸಿ."

ಇಂಜೆಕ್ಷನ್ ಕೊಟ್ಟೆ. ಹುಡುಗಿ ಸೀಲಿಂಗ್ ನೋಡುತ್ತಾ ಮಲಗಿದಳು. ತನ್ನಿಂದ ನೋಡಲಾಗದೆಂದು ತಾಯಿ ನನ್ನ ಬೆನ್ನ ಹಿಂದೆ ಸ್ಟೂಲಿನಲ್ಲಿ ಗೋಡೆಗೆ ಮುಖ ಮಾಡಿ ಕೂತರು. ಕೆರೆಯತೊಡಗಿದೆ.

ಹಿಂದಿನಿಂದ — "ಸ್..."

ಕೈ ಎತ್ತಿದೆ. ನಿಂತಿತು. ಮತ್ತೆ ಇಟ್ಟೆ. "ಸ್..." ತಿರುಗಿ ನೋಡಿದೆ. ಎಡದವಡೆಯನ್ನು ಒತ್ತಿ ಹಿಡಿದಿದ್ದರು. ಹುಡುಗಿಗೆ ಏನೂ ತಿಳಿಯುತ್ತಿರಲಿಲ್ಲ.

ಇನ್ನೊಂದೇ ಸಲ ಕೆರೆದರೆ ಚೊಕ್ಕವಾಗುತ್ತದೆ ಎನಿಸಿತು.

"ಸಾಕು. ಅಲ್ಲಿಗೇ ಬಿಡಿ," ಎಂದರು, ಗೋಡೆಯ ಕಡೆಗೇ ಮುಖವಿಟ್ಟು.

ಕನ್ನಡಿ ಹಿಡಿದು ನೋಡಿದೆ. ತಳದಲ್ಲಿ ಗುಲಾಬಿ ಛಾಯೆ. ಕೆಳಗೇ ನರ. ಇನ್ನೊಂದು ಸಲ ಕೆರೆದಿದ್ದರೆ ಹಲ್ಲು ಹೋಗುತ್ತಿತ್ತು.

ಔಷಧಿ ಇಟ್ಟು ಮುಚ್ಚಿದೆ.

ಜೂನ್ 11

ಫೋನ್ ಮಾಡಿದೆ. ಮಗಳಿಗೆ ನೋವಿಲ್ಲ. ತಾಯಿಗೂ ಇಲ್ಲ, ನಾನು ಫಿಲ್ಲಿಂಗ್ ಹಾಕಿ ಮುಚ್ಚಿದ ಗಳಿಗೆಯಿಂದ. ಒಳ್ಳೇದಾಯ್ತು ಎಂದೆ.

"ಆ ಜಾಗಕ್ಕೆ ನಾಲಿಗೆ ಇಟ್ರೆ ಏನೋ ತಗಲತ್ತೆ ಡಾಕ್ಟ್ರೇ. ನುಣ್ಣಗೆ, ನೀವು ಇವಳಿಗೆ ಹಾಕಿದ್ರಲ್ಲ, ಹಾಗೇ. ಬಂದು ತೋರಿಸ್ಲಾ?"

ಬನ್ನಿ ಎಂದೆ. ಈಗ ಹೊರಗೆ ಚಪ್ಪಲಿ ಬಿಡುವ ಸದ್ದು. ಲೈಟ್ ಹಾಕಿ, ಕೈ ತೊಳೆದು, ಮೊದಲು ಸರಿಯಾಗಿ ನೋಡಬೇಕು.