ಒಣಗುವ ಮೊದಲೇ ಅಂಟಿಸಿದ ಹಡಗು

ಮಾರ್ಚ್ 3, ಬೆಳಿಗ್ಗೆ

ನೆನೆಸಿದ್ದು ಆರು ಮರದ ಪಟ್ಟಿ. ಮುರಿದದ್ದು ಐದು. ಆರನೆಯದು ಮುರಿದಿಲ್ಲ, ಯಾಕೆಂದರೆ ಅದನ್ನಿನ್ನೂ ಮುಟ್ಟಿಲ್ಲ.

ಮೂವತ್ತೆಂಟು ವರ್ಷ ಮರದ ವ್ಯಾಪಾರ ಮಾಡಿದವನು. ಲಾರಿಗಟ್ಟಲೆ ಇಳಿಸಿದ್ದೇನೆ, ಮಾರಿದ್ದೇನೆ. ಆಟಿಕೆ ಹಡಗಿನ ಎರಡು ಮಿಲಿಮೀಟರ್ ಪಟ್ಟಿ ನನ್ನ ಮಾತು ಕೇಳುವುದಿಲ್ಲ. ಬಾಯಿದ್ದವನು ಬರಗಾಲದಲ್ಲೂ ಬದುಕಿದನಂತೆ — ಮರಕ್ಕೆ ಕಿವಿಯಿಲ್ಲವಲ್ಲ.

ಅಡುಗೆಮನೆಯಿಂದ ಹೆಂಡತಿ: "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತಾ?" ಪಟ್ಟಿಗೆ ಹೇಳಿದಳೋ, ನನಗೋ. ವಿಚಾರಿಸಲು ಹೋಗಲಿಲ್ಲ.

ಮಾರ್ಚ್ 4, ಸಂಜೆ 4

ಅಣ್ಣನ ಮನೆಗೆ ಹೋದೆ. ಅತ್ತಿಗೆ ಬಾಗಿಲಲ್ಲೇ ಪಿಸುಗುಟ್ಟಿದರು: "ಇವತ್ತು ನಂಗೂ 'ಯಾರಮ್ಮಾ ನೀವು' ಅಂದ್ರು. ಬೇಜಾರ್ ಮಾಡ್ಕೋಬೇಡಪ್ಪ."

ಎರಡು ವರ್ಷದ ಮರೆವಿನ ಕಾಯಿಲೆ. ಮುಖಗಳೆಲ್ಲ ಹೋದವು, ಕೈಯ ಕೆಲಸ ಉಳಿದಿದೆ. ದೋಣಿ ಕಟ್ಟುವ ಕಾರ್ಖಾನೆಯಲ್ಲಿ ಬಡಗಿಯಾಗಿದ್ದವನು. ರಜೆಯ ದಿನ ಪುಟ್ಟ ಹಡಗು ಕಟ್ಟುತ್ತಿದ್ದ. ಮುರಿದ ಪಟ್ಟಿ ತೋರಿಸಿದೆ. ಕಣ್ಣು ಹೊಳೆಯಿತು.

"ಹೊಸಬನಾ? ಯಾರು ಕಳ್ಸಿದ್ರು?"

ಅರವತ್ತೇಳನೇ ವಯಸ್ಸಿಗೆ ಹೊಸಬ. "ಹೌದು ಮೇಸ್ತ್ರಿ" ಅಂದೆ.

"ತಣ್ಣೀರಲ್ಲಿ ನೆನೆಸಿದೀಯ. ಬಿಸಿನೀರು ಹಾಕು, ಅರ್ಧ ಗಂಟೆ. ಆಮೇಲೆ ಕಾದ ಕಬ್ಬಿಣದ ಪೈಪಿನ ಮೇಲೆ ನಿಧಾನಕ್ಕೆ ಒತ್ತು. ಕಿರ್ ಅಂದ್ರೆ ನಿಲ್ಸು. ಸಾಕು ಅಂತಿದೆ ಅದು."

"ಒಳಗಡೆ ಬ್ಲೇಡಲ್ಲಿ ಗೀರು ಹಾಕಿದ್ರೆ ಸುಲಭವಾಗಿ ಬಗ್ಗುತ್ತಂತಲ್ಲ?"

"ಬೆನ್ನು ಮುರಿದ್ರೆ ಮನುಷ್ಯನೂ ಸುಲಭವಾಗಿ ಬಗ್ತಾನೆ."

ಮಾರ್ಚ್ 9

ನೆನೆಸಿದ್ದು ಎಂಟು, ಬಾಗಿದ್ದು ಏಳು. ಲಾಭ.

ಯಾಕೆ ಮಾಡುತ್ತಿದ್ದೇನೆ — ಬರೆದೇಬಿಡುತ್ತೇನೆ, ಓದುವವರು ಯಾರಿದ್ದಾರೆ. ಅಣ್ಣ ಕಟ್ಟಿದ ಮೊದಲ ಹಡಗು, ಎರಡು ಹಾಯಿಕಂಬದ್ದು. ಒಂದೂವರೆ ವರ್ಷ ಹಿಡಿದಿತ್ತು. ಅವನಿಲ್ಲದಾಗ ಎತ್ತಿಕೊಂಡು ಹೋಗಿ ಒಬ್ಬ ಸಾಹೇಬರ ಮೇಜಿನ ಮೇಲಿಟ್ಟೆ. ಅವರು ಸಹಿ ಹಾಕಿದರು. ನನ್ನ ಮೊದಲ ಗುತ್ತಿಗೆ. ಸ್ವಂತ ಕಾಲ ಮೇಲೆ ನಿಂತವನು ಅಂತ ಜನ ಹೊಗಳುತ್ತಾರೆ. ಕಾಲ ಕೆಳಗೆ ಹಡಗಿತ್ತು ಅಂತ ಯಾರಿಗೂ ಹೇಳಿಲ್ಲ.

ಅಣ್ಣನಿಗೆ ಹೇಳಿದ್ದು: ಬೆಕ್ಕು ಬೀಳಿಸಿತು, ಚೂರುಚೂರಾಯಿತು, ಗುಡಿಸಿ ಬಿಸಾಕಿದೆ. "ಹೋಗ್ಲಿ ಬಿಡು" ಅಂದ. ಆಮೇಲೆ ಎಷ್ಟೋ ಹಡಗು ಕಟ್ಟಿದ. ಎರಡು ಕಂಬದ್ದು ಮತ್ತೆ ಕಟ್ಟಲಿಲ್ಲ.

ಈಗ ಯಾರನ್ನೂ ಗುರುತಿಸದವನು ಅದನ್ನು ಮಾತ್ರ ದಿನಾ ಕೇಳುತ್ತಾನೆ. "ನನ್ನ ಹಡಗೆಲ್ಲಿ?" ಅತ್ತಿಗೆ ಅಟ್ಟವೆಲ್ಲ ಹುಡುಕಿ ಸುಸ್ತಾದರು. ಅವನ ಕೈಗೆ ಅಂಥದ್ದೇ ಒಂದು ಹಡಗು ಇಡಬೇಕು... ಹಡಗೂ ಮರೆತುಹೋಗುವ ಮೊದಲು.

ಮಾರ್ಚ್ 17

ಇವತ್ತಿನ ಪಾಠ: "ಬಗ್ಗಿಸಿದ್ಮೇಲೆ ಅಚ್ಚಿನ ಮೇಲಿಟ್ಟು ಬಟ್ಟೆ ಕ್ಲಿಪ್ಪು ಹಾಕು. ಒಂದಿಡೀ ದಿನ ಮುಟ್ಬೇಡ. ಹಸೀದು ಅಂಟಿಸ್ಬಾರ್ದು."

"ಅಂಟಿಸಿದ್ರೆ?"

"ಇವತ್ತು ಚೆನ್ನಾಗೇ ಕಾಣುತ್ತೆ."

ಉಳಿದದ್ದು ಇಪ್ಪತ್ತೆರಡು ಪಟ್ಟಿ. ದಿನಕ್ಕೆರಡರಂತೆ ಹನ್ನೊಂದು ದಿನ. ಡಾಕ್ಟರು ಅತ್ತಿಗೆಗೆ ಹೇಳಿದ್ದಾರೆ — ನುಂಗುವುದನ್ನೂ ಮರೆಯುತ್ತಿದ್ದಾರೆ ಅಂತ. ಹನ್ನೊಂದು ದಿನ ಇದೆಯೋ, ಇಲ್ಲವೋ.

ಮಾರ್ಚ್ 20

ಇಪ್ಪತ್ತೆರಡನ್ನೂ ಮೂರೇ ದಿನದಲ್ಲಿ ಅಂಟಿಸಿದೆ. ಹಸಿಯಾಗಿಯೇ. ಗೊತ್ತಿದ್ದೇ. ಹಡಗಿನ ಹೊಟ್ಟೆ ನುಣ್ಣಗಿದೆ. ಹೆಂಡತಿಯೇ "ಪರವಾಗಿಲ್ವೇ" ಅಂದಳು. ಮದುವೆಯಾದಾಗಿನಿಂದ ಇದು ಮೂರನೇ ಸಲ.

ಮಾರ್ಚ್ 23, ಬೆಳಿಗ್ಗೆ

ಒಣಗಿತು. ಪಟ್ಟಿಗಳೆಲ್ಲ ಕುಗ್ಗಿವೆ. ಸಂದುಗಳು: ಎಡಕ್ಕೆ ಒಂಬತ್ತು, ಬಲಕ್ಕೆ ಹದಿಮೂರು. ಉಗುರು ತೂರುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ.

ಮೇಣ ತುಂಬಿದೆ, ಮೇಲೆ ಬಣ್ಣ ಬಳಿದೆ. ವ್ಯಾಪಾರದಲ್ಲಿ ಇದಕ್ಕಿಂತ ದೊಡ್ಡ ಸಂದು ಮುಚ್ಚಿದ್ದೇನೆ. ಅತ್ತಿಗೆಯ ಫೋನು: "ಇವತ್ತು ಸ್ವಲ್ಪ ಗೆಲುವಾಗಿದಾರೆ, ಬಂದ್ಬಿಡು."

ಅದೇ ದಿನ, ಸಂಜೆ

ಹಡಗನ್ನು ಅಣ್ಣನ ಮಡಿಲಲ್ಲಿಟ್ಟೆ. "ಮೇಸ್ತ್ರಿ, ನಿಮ್ಮ ಹಡಗು ಸಿಕ್ತು."

ಕಣ್ಣು ಮುಚ್ಚಿ ಹಡಗಿನ ಹೊಟ್ಟೆಯ ಮೇಲೆ ಹೆಬ್ಬೆರಳು ಓಡಿಸಿದ. ಮೇಣದ ಮೇಲೆ ನಿಂತಿತು. ಮುಂದೆ ಹೋಗಿ ಇನ್ನೊಂದರ ಮೇಲೆ. ನಕ್ಕ.

"ಇದು ನಂದಲ್ಲ. ನನ್ನ ತಮ್ಮಂದು."

"ಹೇಗೆ ಗೊತ್ತಾಯ್ತು?"

"ಹಸೀದೇ ಅಂಟಿಸಿದಾನೆ. ಚಿಕ್ಕಂದಿನಿಂದ ಹಂಗೇ, ಒಣಗೋವರೆಗೂ ತಡ್ಕೊಳ್ಳಲ್ಲ. ನನ್ನ ಹಡಗೂ ಅವನೇ ಯಾರಿಗೋ ಕೊಟ್ಟ. ಬೆಕ್ಕು ಬೀಳಿಸ್ತು ಅಂದ. ಬೆಕ್ಕು ಸತ್ತು ಒಂದ್ವರ್ಷ ಆಗಿತ್ತು!" ಕೆಮ್ಮು ಬರುವಷ್ಟು ನಕ್ಕ. "ಪಾಪ, ಸುಳ್ಳನ್ನೂ ಹಸೀದೇ ಅಂಟಿಸ್ದ."

"ನಿಮಗೆ... ಬೇಜಾರಾಗ್ಲಿಲ್ವಾ?"

"ಕೇಳಿದ್ರೆ ಕೊಡ್ತಿದ್ದೆ. ಕೇಳ್ಲೇ ಇಲ್ವಲ್ಲ, ಅದೊಂದು."

ಕೈ ಹಿಡಿದುಕೊಂಡೆ. "ಅಣ್ಣಾ, ನಾನೇ."

ನೋಡಿದ. ಬಹಳ ಹೊತ್ತು ನೋಡಿದ.

"ನೀನು ಹೊಸಬ ಅಲ್ವಾ? ಅವನು ಬಂದ್ರೆ ಹೇಳು, ಇದನ್ನ ಕಿತ್ತು ಮತ್ತೆ ಮಾಡು ಅಂತ. ಬಯ್ಯಲ್ಲ ಅನ್ನು."

"ಹೇಳ್ತೀನಿ ಮೇಸ್ತ್ರಿ."

ಏಪ್ರಿಲ್ 11

ಹದಿನೆಂಟು ಹಾಳೆ ಖಾಲಿ. ಬರೆಯುವುದೇನಿತ್ತು. ಮಾರ್ಚ್ 27, ಮಧ್ಯಾಹ್ನ, ಅಣ್ಣ ಹೋದ. ಅತ್ತಿಗೆ ಪಕ್ಕದಲ್ಲಿದ್ದರು. ನಾನು ದಾರಿಯಲ್ಲಿದ್ದೆ.

ಇವತ್ತು ಅತ್ತಿಗೆ ಹಡಗನ್ನು ವಾಪಸು ಕೊಟ್ಟರು. "ನಿನ್ನ ಹೆಸರು ಕೊನೇವರೆಗೂ ಬಾಯಿಗೆ ಬರ್ಲಿಲ್ಲ ಕಣಪ್ಪ. ಆದ್ರೆ ಈ ಸಂದಿನ ಮೇಲೆ ಬೆರಳಿಟ್ಕೊಂಡೇ ಮಲಗ್ತಿದ್ರು."

ಬೆರಳಿಟ್ಟ ಕಡೆ ಬಣ್ಣ ಸವೆದಿದೆ. ನಾಲ್ಕು ದಿನಕ್ಕೇ.

ಏಪ್ರಿಲ್ 14

ಇಪ್ಪತ್ತೆರಡನ್ನೂ ಕಿತ್ತೆ. ಹೊಸದೊಂದನ್ನು ನೆನೆಸಿದೆ. ಬಿಸಿನೀರು, ಅರ್ಧ ಗಂಟೆ. ಕಿರ್ ಅಂದಾಗ ನಿಲ್ಲಿಸಿದೆ. ಅಚ್ಚಿಗೆ ಕ್ಲಿಪ್ಪು ಹಾಕಿದೆ. ಎಲ್ಲಿ ಮುಟ್ಟಿಬಿಡುತ್ತೇನೋ ಎಂದು ಹೆಂಡತಿ ಮೂರು ಸಲ ಬಂದು ನೋಡಿಹೋದಳು. ಮುಟ್ಟಲಿಲ್ಲ.

ಏಪ್ರಿಲ್ 16, ಬೆಳಿಗ್ಗೆ 7

ಒಂದು ದಿನ ಸಾಕಿತ್ತು, ಎರಡು ದಿನ ಬಿಟ್ಟೆ. ನೆನೆಸಿದ್ದು ಒಂದು. ಬಾಗಿದ್ದು ಒಂದು. ಮುರಿದದ್ದು ಇಲ್ಲ.

ಕ್ಲಿಪ್ಪು ತೆಗೆದೆ — ಬಾಗಿದ ಹಾಗೇ ನಿಂತಿದೆ. ಹಡಗಿಗೆ ಹಿಡಿದು ನೋಡಿದೆ. ಉಗುರಿರಲಿ, ಕೂದಲೂ ತೂರಲಿಲ್ಲ. ಪೇಪರಿನಲ್ಲಿ ಸುತ್ತಿಕೊಂಡೆ, ಚಪ್ಪಲಿ ಮೆಟ್ಟಿಕೊಂಡೆ, ಅಣ್ಣನಿಗೆ ತೋರಿಸಿ ಬರೋಣವೆಂದು ಗೇಟಿನವರೆಗೂ ಹೋದೆ. ಅಲ್ಲಿ ನೆನಪಾಯಿತು.