ಆರುನೂರ ಹದಿನಾಲ್ಕರ ಉಸಿರು

ಫೆಬ್ರವರಿ 3, 1986, ಸೋಮವಾರ
ಸಂಶೋಧನೆಯ ಕೊಟ್ಟಿಗೆಯಲ್ಲಿ ಮಧ್ಯಾಹ್ನದ ಪಾಳಿ. ಆರು ಹೋರಿಗಳಿಗೂ ಮೇವು ತೂಗಿ ಹಾಕಿದೆ. ತಲೆಗೆ ಗಾಜಿನ ಪೆಟ್ಟಿಗೆ, ಅದರಿಂದ ಪೈಪು, ಪೈಪಿನ ಕೊನೆಗೆ ಮೆಷಿನ್ನು — ಎಷ್ಟು ಆಮ್ಲಜನಕ ಎಳೆದುಕೊಂಡವು ಅಂತ ಪೆನ್ನು ಕಾಗದದ ಮೇಲೆ ಗೀಚುತ್ತಾ ಹೋಗುತ್ತದೆ. ತಿಂದದ್ದರಲ್ಲಿ ಮಾಂಸಕ್ಕೆಷ್ಟು, ಕರುಳಿಗೆಷ್ಟು ಅನ್ನೋದು ಟಾಲೆಫ್ಸನ್ ಡಾಕ್ಟರ ಲೆಕ್ಕ.
ಅಕ್ಟೋಬರಿನಲ್ಲಿ ಒಂದು ಹೋರಿ ನನ್ನನ್ನು ಕಂಬಿಗೆ ಒತ್ತಿ ಮೂರು ಪಕ್ಕೆಲುಬು ಮುರಿದಿತ್ತು. ಮೂಳೆ ಕೂಡಿದೆ. ಧೈರ್ಯ ಕೂಡಿಲ್ಲ. ಯಾರಿಗೂ ಹೇಳಿಲ್ಲ. ನೆಬ್ರಾಸ್ಕಾದಲ್ಲಿ ದನಕ್ಕೆ ಹೆದರುವ ಹೆಂಗಸಿಗೆ ಯಾರು ಕೆಲಸ ಕೊಡುತ್ತಾರೆ?

ಫೆ. 6
ಆರುನೂರ ಹದಿನಾಲ್ಕನೇ ನಂಬರಿನ ಹೋರಿಯ ಉಸಿರಿನ ಗೆರೆ ಏರಿದೆ. ಬೆಳಿಗ್ಗೆ ಸರಿ, ನನ್ನ ಪಾಳಿಯಲ್ಲಿ ಮಾತ್ರ.
ಬೆಳಗಿನ ಪಾಳಿಯ ಡ್ವೇನ್ ನಕ್ಕ. "ಮಾರ್ಲಿಸ್, ನೀನು ಒಳಗೆ ಬಂದ್ರೆ ಸಾಕು, ಇವ್ನಿಗೆ ಏದುಸಿರು ನೋಡು! ಲವ್ವು ಕಣೇ."
ನಾನೂ ನಕ್ಕೆ. ಹೆದರಿದವರ ವಾಸನೆ ದನಕ್ಕೆ ಗೊತ್ತಾಗುತ್ತದೆ ಅಂತ ಅಪ್ಪ ಹೇಳುತ್ತಿದ್ದ. ನನ್ನ ಭಯ ಕಾಗದಕ್ಕೇ ಇಳಿಯುತ್ತಿದೆ!

ಫೆ. 7
ಡಾಕ್ಟರಿಗೆ ಖುಷಿ. "ಹೊಸ ಮೇವಿಗೆ ಕರುಳು ಜಾಸ್ತಿ ದುಡೀತಿದೆ. ನೋಡೋಣ ಇರಿ."
ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವ ಸ್ಥಿತಿ ನನ್ನದು.
ರಕ್ತ ತೆಗೆಯಲು ಹೋರಿಗಳ ಪಕ್ಕೆಯಲ್ಲಿ ಟ್ಯೂಬು ಕೂರಿಸಿದ್ದಾರೆ. ದಿನಾ ತೊಳೆದು, ಸುತ್ತ ಚರ್ಮ ಒರೆಸಿ, ಔಷಧಿ ಹಚ್ಚಬೇಕು. ಒಂದಕ್ಕೆ ಹತ್ತು ನಿಮಿಷ. ನಾನು ಬ್ಯಾಂಡೇಜು ಪೂರ್ತಿ ಬಿಚ್ಚದೆ ಮೂರೇ ನಿಮಿಷಕ್ಕೆ ಹೊರಗೆ ಓಡಿ ಬರುತ್ತೇನೆ. ಹೆಚ್ಚು ನಿಂತರೆ ಗೆರೆ ಇನ್ನೂ ಏರೀತು… ಇದು ನೆಪ. ನನಗೆ ಗೊತ್ತು.

ಫೆ. 11
614 ಎರಡು ಕಿಲೋ ಮೇವು ಬಿಟ್ಟಿದೆ. ನನ್ನನ್ನು ಕಂಡು ಬೆದರಿರಬೇಕು. ಬರೆದಿಟ್ಟು ಬಂದೆ.
ಲೀಲ್ಯಾಂಡ್‌ಗೆ ಅರ್ಧ ಹೇಳಿದೆ, ಕೆಲಸ ಬಿಡಲಾ ಅಂತ. ಗಂಡನ ಉತ್ತರ: "ದನದ ಕೊಟ್ಟಿಗೇಲಿ ಹುಟ್ಟಿದೋಳು ನೀನು. ಈಗೇನು, ಕೋಳಿ ಸಾಕ್ತೀಯಾ?"

ಫೆ. 13, ಗುರುವಾರ, ಸಂಜೆ 6
ಗೆರೆಗೆ ನಾನೇ ಕಾರಣವಾ ನೋಡೋಣ ಅಂತ ಡ್ವೇನ್ ಜೊತೆ ಪಾಳಿ ಬದಲಿಸಿಕೊಂಡೆ, ಬೆಳಿಗ್ಗೆ ನಾನು, ಮಧ್ಯಾಹ್ನ ಅವನು. ಮಧ್ಯಾಹ್ನವೆಲ್ಲ ನಾನು ಆಫೀಸಿನಲ್ಲಿ, ಕೊಟ್ಟಿಗೆಯ ಹತ್ತಿರವೂ ಸುಳಿಯಲಿಲ್ಲ.
ಗೆರೆ ಏರಿತು. ಎಂದಿಗಿಂತ ಹೆಚ್ಚು.
ನಾನಲ್ಲ! ಅರ್ಧ ನಿಮಿಷ ಕುಣಿಯುವಷ್ಟು ಸಂತೋಷ. ಆಮೇಲೆ ಹೊಳೆಯಿತು. ನಾನಲ್ಲವಾದರೆ ಮತ್ತೇನು? ದಿನಾ ಮಧ್ಯಾಹ್ನದ ಮೇಲೆ ಏರುವುದು ಜ್ವರ. ಓಡಿಹೋಗಿ ಡ್ವೇನ್ ಕೈಲಿ ಥರ್ಮಾಮೀಟರು ಇಡಿಸಿದೆ. ನೂರೈದು ಡಿಗ್ರಿ, ದನಕ್ಕೂ ಅದು ಜ್ವರವೇ. ಬ್ಯಾಂಡೇಜು ಬಿಚ್ಚಿದರೆ ಟ್ಯೂಬಿನ ಸುತ್ತ ಕೀವು.
ಅದು ನನಗೆ ಬೆದರಿರಲಿಲ್ಲ. ನಾನು ಹೆದರಿ ಒರೆಸದೆ ಬಿಟ್ಟದ್ದು ಅದರ ಮೈಗೆ ಇಳಿದಿತ್ತು. ಎಂಟು ದಿನ ಗೆರೆ ಕಾಯಿಲೆ ಅಂತ ಕೂಗುತ್ತಿತ್ತು, ನಾನು ನನ್ನದೇ ಧ್ಯಾನದಲ್ಲಿದ್ದೆ.
ಡಾಕ್ಟರು ಕೇಳಿದರು: "ದಿನಾ ಸರಿಯಾಗಿ ಒರೆಸ್ತಿದ್ರಲ್ಲ, ಮಾರ್ಲಿಸ್?"
"ಒರೆಸ್ತಿದ್ದೆ," ಅಂದೆ.
"ಹಾಗಿದ್ರೆ ಇದೊಂದರ ಟ್ಯೂಬೇ ಕೆಟ್ಟಿರಬೇಕು. ಉಳಿದ ಐದು ಹೋರಿಗಳ ಬ್ಯಾಂಡೇಜು ಬಿಚ್ಚಿ ಕೆದಕೋದು ಬೇಡ." ಚುಚ್ಚುಮದ್ದು ಕೊಟ್ಟರು. ಬದುಕುವುದು ಅನುಮಾನವಂತೆ.

ಫೆ. 14, ಬೆಳಿಗ್ಗೆ 6:30
ನಿದ್ದೆಯಿಲ್ಲ. ಉಳಿದ ಐದಕ್ಕೂ ನಾನೇ ಒರೆಸಿದ್ದು. ಅದೇ ಮೂರು ನಿಮಿಷ. ಅದೇ ಕೈ.
ಹೇಳಿದರೆ ಕೆಲಸ ಹೋಗುತ್ತದೆ, ಊರೆಲ್ಲ ನಗುತ್ತದೆ. ಹೇಳದಿದ್ದರೆ ಐದು ಜೀವ. ಹೇಳುತ್ತೇನೆ. ಎಂಟಕ್ಕೆ ಡಾಕ್ಟರು ಬರುತ್ತಾರೆ, ಬಾಗಿಲಲ್ಲೇ ಹಿಡಿದು ಹೇಳುತ್ತೇನೆ.
ಫೋನು. ಇಷ್ಟು ಬೇಗ ಯಾರು… ಲೀಲ್ಯಾಂಡ್ ಎತ್ತಿದ. ಡ್ವೇನ್ ಅಂತೆ. 620ನೇ ಹೋರಿ ಮಲಗಿದೆ, ಏಳುತ್ತಿಲ್ಲ. ಪಕ್ಕದ್ದೂ ಮೇವು ಮುಟ್ಟಿಲ್ಲ. ಬೇಗ ಬಾ ಅಂತ. ನಾನು ನಿನ್ನೆಯೇ ಹೇಳಬೇಕಿತ್ತು.