ಅವಿರೋಧ

ಜನವರಿ 9, ಗುರುವಾರ

ಬೆಳಗಿನ ಹಾಲು ಕೊಟ್ಟು ಬಂದೆ. ಫ್ಯಾಟ್ ಇವತ್ತೂ ಕಡಿಮೆ. ಪ್ರೆಸ್ಸಿನ ಶಟರ್ ಎತ್ತುವ ಮೊದಲೇ ಲೋಲಾಕ್ಷಿ ಬಂದು ನಿಂತಿದ್ದಳು. ಹಾಲಿನ ಸೊಸೈಟಿಯ ಚುನಾವಣೆಗೆ ಅವಳ ಮನವಿಪತ್ರ ನಾನೇ ಮಾಡಿಕೊಡಬೇಕಂತೆ. ಅವಳ ಎದುರು ನಿಲ್ಲುವವಳೂ ನಾನೇ. ಬೆಳ್ಳಾರೆಯಲ್ಲಿ ಬೇರೆ ಪ್ರೆಸ್ ಇಲ್ಲ ಎಂದಳು. ಇದೆ.

"ಎಂತ ಮಾರಾಯ್ತಿ, ನನ್ನ ಮುಖ ಇಷ್ಟು ಕಪ್ಪು? ಓಟು ಬೀಳಬಾರದು ಅಂತವಾ?"

"ಇದ್ದ ಹಾಗೆ ಬರುದು."

ನಕ್ಕಳು. ಸ್ಕ್ರೀನ್ ನೋಡಲು ಬಾಗಿದಾಗ ಕೈ ನನ್ನ ಹೆಗಲ ಮೇಲೆ. ತೆಗೆಯಲಿಲ್ಲ. ನಾನೂ ಅಲುಗಲಿಲ್ಲ. ಫೋಟೋ ತುಸು ಬಿಳುಪು ಮಾಡಿದೆ. ಅವಳಲ್ಲ ಅನ್ನಿಸಿತು. ಮತ್ತೆ ಮೊದಲಿನಂತೆ ಮಾಡಿದೆ.

ಜನವರಿ 12

ಎರಡು ವರ್ಷದ ಜಗಳ ನಮ್ಮದು. ಇಲ್ಲಿ ಹಾಲು ಕರೆಯುವವರು ಹೆಂಗಸರು, ಹೊತ್ತು ತರುವವರೂ ಅವರೇ. ಸೊಸೈಟಿಯ ಸದಸ್ಯರು ಮಾತ್ರ ಮೊನ್ನೆ ಮೊನ್ನೆಯವರೆಗೆ ಗಂಡಂದಿರು. ಓಟೂ ಅವರದ್ದೇ. ದೇಶಕ್ಕೆ ಓಟು ಹಾಕುವವರು ಹಾಲಿಗೆ ಹಾಕುವ ಹಾಗಿರಲಿಲ್ಲ... ನಾನು ಅರ್ಜಿ, ಬೈಲಾ, ಪುತ್ತೂರಿನ ಕಚೇರಿ ಎಂದು ತಿರುಗಿದೆ. ಲೋಲಾಕ್ಷಿ ಹೆಂಗಸರನ್ನು ಖಾಲಿ ಕ್ಯಾನುಗಳ ಜೊತೆ ಸೊಸೈಟಿಯ ಮೆಟ್ಟಿಲಲ್ಲಿ ಕೂರಿಸಿದಳು. ನನ್ನನ್ನು 'ಅರ್ಜಿ ಮೇಡಂ' ಎಂದಳು, ಎಲ್ಲರೆದುರು. ನಾನು ಅವಳನ್ನು 'ಮೈಕ್' ಎಂದೆ. ಅವಳ ಕಡೆಯ ಹೆಂಗಸರು, ನನ್ನ ಕಡೆಯ ಹೆಂಗಸರು. ಕೊನೆಗೆ ಹೆಂಗಸರಿಗೆ ಸದಸ್ಯತ್ವ ಸಿಕ್ಕಿತು, ಓಟೂ. ಯಾರಿಂದ ಸಿಕ್ಕಿತು ಎಂಬುದಕ್ಕೆ ಈಗಲೂ ಜಗಳ.

ಸಿಕ್ಕಿದ ದಿನ ಪುತ್ತೂರಿನಿಂದ ಒಂದೇ ಬಸ್ಸಿನಲ್ಲಿ ಬಂದೆವು. ಅವಳಿಗೆ ನಿದ್ರೆ. ತಲೆ ನನ್ನ ಭುಜಕ್ಕೆ ಬಂತು. ನನ್ನ ಸ್ಟಾಪಿನಲ್ಲಿ ನಾನು ಇಳಿಯಲಿಲ್ಲ.

ಜನವರಿ 19

ಅವಳ ಮನೆಯಲ್ಲಿ ಊಟ. ಗಂಡ ತೀರಿಹೋದ ಮೇಲೆ ಒಬ್ಬಳೇ. ನಾನಂತೂ ಮೊದಲಿನಿಂದಲೂ. ಕೈ ತೊಳೆಯುವಾಗ ಹೇಳಿದಳು, ತಂಬಿಗೆ ನನ್ನ ಕೈಗೆ ಕೊಡುತ್ತಾ:

"ಎಲೆಕ್ಷನ್ ಮುಗೀಲಿ. ನಿನ್ನ ದನಗಳನ್ನು ಇಲ್ಲಿಗೇ ಹೊಡ್ಕೊಂಡು ಬಾ. ಇಬ್ಬರಿಗೆ ಎರಡು ಹಟ್ಟಿ ಎಂತಕ್ಕೆ?"

"ಜನ ಎಂತ ಹೇಳುದು?"

"ಹಾಲು ಜಾಸ್ತಿ ಆಯ್ತು ಅಂತ ಹೇಳುದು."

ನೀರು ಸುರಿಯುತ್ತಲೇ ಇದ್ದೆ.

"ಆದ್ರೆ ಅದಕ್ಕೆ ಮೊದಲು ಸರಿಯಾಗಿ ನಿಲ್ಲು ನನ್ನ ಎದುರು. ಸೋತ್ರೆ ಮುಖ ದಪ್ಪ ಮಾಡ್ಲಿಕ್ಕಿಲ್ಲ."

"ನೀನು ಸೋತ್ರೆ?"

"ನಾನು ಸೋಲುದಿಲ್ಲ."

ಜನವರಿ 23

ಹೆಂಗಸರು ಪ್ರೆಸ್ಸಿಗೆ ಬಂದು ರದ್ದಿ ಕಾಗದದ ಮೇಲೆ ಸೀಲು ಒತ್ತಿ ಅಭ್ಯಾಸ ಮಾಡುತ್ತಾರೆ. ಗೆರೆಯ ಮೇಲೆ ಬಿದ್ದರೆ ಓಟು ಹಾಳು. ಇವತ್ತು ಚೆನ್ನಕ್ಕ. ಎಪ್ಪತ್ತು ದಾಟಿದೆ, ಒಂದು ದನ. "ಎಮ್ಮೆಲ್ಲೆ ಓಟಿಗೆ ನಮ್ಮ ಯಜಮಾನರು ಬೂತಿನ ಬಾಗಿಲವರೆಗೆ ಬರ್ತಾರೆ, ಅದಕ್ಕೆ ಒತ್ತು, ಇದಕ್ಕೆ ಒತ್ತು ಅಂತ. ಇಲ್ಲಿ ಸದಸ್ಯತ್ವ ಈಗ ನನ್ನ ಹೆಸರಲ್ಲಿ, ಅವರಿಗೆ ಓಟೇ ಇಲ್ಲ. ಮನೆಯಲ್ಲಿ ಕೂತು ದನ ನೋಡ್ಲಿ!" ಬಾಯಿಗೆ ಸೆರಗು ಹಿಡಿದು ನಕ್ಕರು. ಯಾರಿಗೆ ಹಾಕುತ್ತೀರಿ ಎಂದೆ.

"ಅದು ನಿಂಗೆ ಎಂತಕ್ಕೆ?"

ಸರಿಯಾದ ಉತ್ತರ.

ಜನವರಿ 27, ಸಂಜೆ ನಾಲ್ಕು

ಹನ್ನೊಂದಕ್ಕೆ ಸೊಸೈಟಿಯ ಅಧ್ಯಕ್ಷ ತೀರ್ಥರಾಮಣ್ಣ ಬಂದರು. ಗಂಡಸರ ಸ್ಥಾನಗಳೆಲ್ಲ ಮಾತುಕತೆಯಲ್ಲಿ ಮುಗಿದಿವೆ. ಮಹಿಳೆಯರ ಎರಡು ಸ್ಥಾನಕ್ಕೆ ಮೂವರು: ಅವರ ಸೊಸೆ, ಲೋಲಾಕ್ಷಿ, ನಾನು. ಸೊಸೆಗೆ ಗಂಡಸರ ಓಟು ಖಾತ್ರಿ, ನಮ್ಮಿಬ್ಬರಿಗೆ ಉಳಿಯುವುದು ಒಂದೇ.

"ಒಬ್ಬರು ನಾಮಪತ್ರ ಹಿಂದೆ ತೆಗೆದ್ರೆ ಎಲ್ಲ ಅವಿರೋಧ. ಊರಿಗೆ ಮರ್ಯಾದೆ. ಲೋಲಾಕ್ಷಿಯ ಹತ್ರ ಕೇಳಿದೆ, ಸಗಣಿ ಕೈಯಲ್ಲೇ ಓಡಿಸಿದ್ಲು. ನೀವು ತಿಳಿದವರು. ಅವಳು ಗೆದ್ರೆ ನಿಮಗೂ ಸಂತೋಷವೇ ಅಲ್ವಾ?"

ಕೊನೆಯ ಮಾತು ಹೇಳುವಾಗ ನನ್ನ ಮುಖ ನೋಡಲಿಲ್ಲ. ಅವರಿಗೆ ಎಷ್ಟು ಗೊತ್ತು?

ಹಿಂದೆ ತೆಗೆಯಲು ಮೂರರವರೆಗೆ ಸಮಯ. ಎರಡೂವರೆಗೆ ಹೋಗಿ ಸಹಿ ಹಾಕಿದೆ. ಅವಳನ್ನು ಸೋಲಿಸಿ ಅವಳ ಹಟ್ಟಿಗೆ ದನ ಹೊಡೆದುಕೊಂಡು ಹೋಗುವುದು ನನ್ನಿಂದಾಗದು. ಸೋತು ಹೋಗುವುದೂ, ಬಹುಶಃ. ಅವಿರೋಧವಾದರೆ ಮತದಾನವೇ ಇಲ್ಲ ಎಂಬುದು ಗೊತ್ತಿತ್ತು. ಗೊತ್ತಿದ್ದೂ ಆಚೆ ಸರಿಸಿಟ್ಟೆ. ಸ್ಕೂಟರಿನಲ್ಲಿ ಬರುತ್ತಾ, ಅವಳಿಗೆ ಹೇಗೆ ಹೇಳುವುದೆಂದು ಬಾಯಲ್ಲೇ ಅಭ್ಯಾಸ ಮಾಡಿದೆ. ಉಡುಗೊರೆ ಒಯ್ಯುವವರ ಸಂಭ್ರಮ, ಈ ವಯಸ್ಸಿನಲ್ಲಿ.

ಅದೇ ದಿನ, ಆರೂವರೆ

ಹೇಳಬೇಕಾಗಿ ಬರಲಿಲ್ಲ. ಅವಳೇ ಬಂದಳು. ಅಂಗಳದಲ್ಲೇ ನಿಂತಳು, ಒಳಗೆ ಬರಲಿಲ್ಲ.

"ಯಾರ ಹತ್ರ ಕೇಳಿ ತೆಗೆದದ್ದು?"

"ನಿನಗೋಸ್ಕರ."

"ನಾನು ಕೇಳಿದ್ದು ಕುರ್ಚಿಯಾ? ನೀನು ಎದುರು ನಿಂತ್ರೆ ಓಟು ಉಂಟು. ನಿಲ್ಲದಿದ್ರೆ ಎಂತ ಉಂಟು? ಅವರೆಲ್ಲ ಮೆಟ್ಟಿಲಲ್ಲಿ ಬಿಸಿಲಿಗೆ ಕೂತದ್ದು ನನ್ನ ಕುತ್ತಿಗೆಗೆ ಹಾರ ಹಾಕ್ಲಿಕ್ಕಾ?"

"ಮುಂದಿನ ಸಲ..."

"ಮುಂದಿನ ಸಲ ಐದು ವರ್ಷ ಕಳೆದು. ಚೆನ್ನಕ್ಕ ಇರ್ತಾರಾ?"

ನಾನು ಮೆಟ್ಟಿಲಿಳಿದೆ. ಅವಳು ಹಿಂದೆ ಸರಿದಳು.

"ತೀರ್ಥರಾಮಣ್ಣನಿಗೆ ಎರಡು ವರ್ಷದಲ್ಲಿ ಆಗದ್ದನ್ನು ನೀನು ಪ್ರೀತಿಯಲ್ಲಿ ಮಾಡಿ ಕೊಟ್ಟೆ, ರಾಜೀವಿ."

ಪ್ರೀತಿ ಎಂಬ ಶಬ್ದವನ್ನು ಅವಳು ನನಗೆ ಹೇಳಿದ್ದು ಅದೇ ಮೊದಲು. ಈ ವಾಕ್ಯದಲ್ಲಿ.

ಜನವರಿ 30

ಹಾಲು ಕೊಟ್ಟೆ. ಹೆಂಗಸರು ಸರಿದು ಜಾಗ ಮಾಡಿದರು. ಬೈದಿದ್ದರೆ... ಲೋಲಾಕ್ಷಿಗೆ ಫೋನ್ ಮಾಡಿದೆ. ಎತ್ತಿದಳು. "ದನಗಳನ್ನು ಅಲ್ಲೇ ಇಟ್ಕೋ," ಎಂದಳು. ಫೋನ್ ಇಟ್ಟಳು.

ಫೆಬ್ರವರಿ 2, ಭಾನುವಾರ

ಓಟಿನ ದಿನವಾಗಬೇಕಿತ್ತು. ಸೊಸೈಟಿಯ ಗೋಡೆಯಲ್ಲಿ ಒಂದು ಕಾಗದ: ಎಲ್ಲರೂ ಅವಿರೋಧವಾಗಿ ಆಯ್ಕೆ, ಮತದಾನ ಇರುವುದಿಲ್ಲ. ಕ್ಯಾನ್ ತೊಳೆಯುತ್ತಿದ್ದೆ. ಲೋಲಾಕ್ಷಿ ಅಳತೆಯ ಕೌಂಟರಿನಲ್ಲಿ, ನನಗೆ ಬೆನ್ನು ಹಾಕಿ.

ಒಂಬತ್ತರ ಬಸ್ಸಿನಿಂದ ಚೆನ್ನಕ್ಕ ಇಳಿದರು. ವಾರದಿಂದ ಆಲೆಟ್ಟಿಯ ಮಗಳ ಮನೆಯಲ್ಲಿದ್ದರಂತೆ. ಇವರಿಗೆ ಯಾರೂ ತಿಳಿಸಿಲ್ಲ. ಮಡಿಕೆಯ ಗುರುತು ಇನ್ನೂ ಹೋಗದ ಸೀರೆ. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರಲ್ಲಿ ಸದಸ್ಯತ್ವದ ಕಾರ್ಡು. ಓಡಿ ಬಂದವರ ಉಸಿರು.

"ಶುರು ಆಯ್ತಾ? ಜನವೇ ಇಲ್ಲ! ನಾನೇ ಫಸ್ಟಾ?"

ಕೌಂಟರಿನಲ್ಲಿ ಅಳತೆ ನಿಂತಿತು. ಲೋಲಾಕ್ಷಿ ತಿರುಗಿದಳು.

"ರಾಜೀವಿಯ ಹತ್ರ ಕೇಳಿ, ಚೆನ್ನಕ್ಕ. ಅವಳಿಗೆ ಗೊತ್ತುಂಟು."

ಹೇಳಿ ಹೋಗಲಿಲ್ಲ. ನನ್ನ ಉತ್ತರ ಕೇಳಲೆಂದು ಅಲ್ಲೇ ನಿಂತಳು. ಚೆನ್ನಕ್ಕ ಕವರಿನಿಂದ ಕಾರ್ಡು ತೆಗೆದು ನನ್ನ ಕಡೆ ಚಾಚಿದರು.

"ಯಾವ ಕೋಣೆ ಮಗಾ?"

ಕೈ ಒರೆಸಿಕೊಂಡೆ. ಹೇಳಿದೆ, "ಓಟು ಇಲ್ಲ, ಚೆನ್ನಕ್ಕ. ನಾನು ಹೆಸರು ಹಿಂದೆ ತೆಗೆದೆ."